ನಕ್ಷೆಯ ಮೇಲೆ ನಿಮ್ಮ ಓಣಿ ಯಾವ ಬಣ್ಣದಲ್ಲಿದೆ?

ಮನೆ, ಓಣಿ, ಊರು: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರತಿ ತಿಂಗಳು ಈ ಅಂಕಣಕ್ಕೆ ಪಾಯದ ಆಳ, ಗೋಡೆಯ ಬಿರುಕು, ಸ್ಲ್ಯಾಬಿನ ಸೋರಿಕೆಯ ಪ್ರಶ್ನೆಗಳು ಬರುತ್ತಿದ್ದವು. ಈ ಸಲದ ಪತ್ರಗಳು ಬೇರೆ. ಬೆಳಗಾವಿಯಿಂದ, ಬಾಗಲಕೋಟೆಯಿಂದ, ವಿಜಯಪುರದಿಂದ ಬರೆದವರೆಲ್ಲ ಮನೆಯ ಗೋಡೆಯನ್ನು ದಾಟಿ ಓಣಿಯ ಬಗ್ಗೆ ಕೇಳಿದ್ದಾರೆ. ಟ್ರೇಸರ್ ಆಗಿ ಕೆಲಸಕ್ಕೆ ಸೇರಿ ಮೂವತ್ತೊಂದು ವರ್ಷ ನಗರ ಯೋಜನೆಯ ಕಚೇರಿಗಳಲ್ಲಿ ನಕ್ಷೆ ಬರೆದವಳು ನಾನು. ಈ ಪ್ರಶ್ನೆಗಳಿಗಾಗಿ ಎಷ್ಟೋ ವರ್ಷ ಕಾದಿದ್ದೇನೆ. ಆದ್ದರಿಂದ ಈ ಸಲ ಪಾಯ ಮತ್ತು ಬಿರುಕಿನ ಪತ್ರಗಳನ್ನು ಮುಂದಿನ ತಿಂಗಳಿಗೆ ಇಟ್ಟಿದ್ದೇನೆ.

ಪ್ರಶ್ನೆ: ಅಕ್ಕನವರಿಗೆ ನಮಸ್ಕಾರ. ನಮ್ಮ ಬಡಾವಣೆ ಟಿಳಕವಾಡಿಯ ಆಚೆಗಿದೆ. ಎಲ್ಲವೂ ಒಂದು, ಎರಡು ಅಂತಸ್ತಿನ ಮನೆಗಳು. ನಮ್ಮ ಹಿಂದಿನ ರಸ್ತೆಯಲ್ಲಿ ಹದಿನೆಂಟು ಗುಂಟೆ ಖಾಲಿ ಜಾಗವಿದೆ. ಅದನ್ನು ವಸತಿ ಬಳಕೆಯಿಂದ ವಾಣಿಜ್ಯ ಬಳಕೆಗೆ ಬದಲಿಸಲು ಅರ್ಜಿ ಬಂದಿದೆ, ಆಕ್ಷೇಪಣೆ ಇದ್ದರೆ ಹದಿನೈದು ದಿನಗಳಲ್ಲಿ ತಿಳಿಸಬೇಕು ಎಂದು ಪತ್ರಿಕೆಯಲ್ಲಿ ಸಣ್ಣ ಅಕ್ಷರಗಳ ಪ್ರಕಟಣೆ ನೋಡಿದೆ. ಆರು ದಿನ ಆಗಲೇ ಕಳೆದಿವೆ. ಮದುವೆ ಕಾರ್ಯಾಲಯ ಬರುತ್ತದೆ ಎಂದು ಜನ ಹೇಳುತ್ತಾರೆ. ನಮ್ಮ ಯಜಮಾನರು "ದೊಡ್ಡವರ ಕೆಲಸ, ತಡೆಯುವವರು ಯಾರು?" ಎನ್ನುತ್ತಾರೆ. ಓಣಿಯವರ ಸಹಿ ಸಂಗ್ರಹಿಸಿ ಕೊಟ್ಟರೆ ಸಾಕೇ?
ಒಬ್ಬ ಗೃಹಿಣಿ, ಬೆಳಗಾವಿ

ಉತ್ತರ: ತಂಗೀ, ಪತ್ರಿಕೆ ಅಚ್ಚಾಗುವವರೆಗೆ ಕಾದರೆ ನಿಮ್ಮ ಗಡುವು ಮುಗಿದುಹೋಗುತ್ತಿತ್ತು. ಅದಕ್ಕಾಗಿ ಈ ಉತ್ತರವನ್ನು ನಿಮಗೆ ಮೊದಲೇ ಅಂಚೆಯಲ್ಲಿ ಕಳುಹಿಸಿದ್ದೇನೆ. ಉಳಿದವರಿಗೆ ಉಪಯೋಗವಾಗಲೆಂದು ಇಲ್ಲಿಯೂ ಕೊಡುತ್ತಿದ್ದೇನೆ.

ಆ ಸಣ್ಣ ಅಕ್ಷರಗಳ ಪ್ರಕಟಣೆಯನ್ನು ಯಾರೂ ನಿಮ್ಮ ಮೇಲಿನ ದಯೆಯಿಂದ ಹಾಕಿಸಿಲ್ಲ. ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ, 1961ರ 14-ಎ ಕಲಂ ಅದನ್ನು ಕಡ್ಡಾಯ ಮಾಡಿದೆ. ಮಹಾಯೋಜನೆ, ಅಂದರೆ ಊರಿನ ಯಾವ ಜಾಗ ಯಾವ ಬಳಕೆಗೆ ಎಂದು ತೋರಿಸುವ ಮಾಸ್ಟರ್ ಪ್ಲಾನ್, ಒಮ್ಮೆ ಜಾರಿಗೆ ಬಂದ ಮೇಲೆ ಒಂದು ಜಾಗದ ಬಳಕೆಯನ್ನು ಬದಲಿಸಬೇಕೆಂದರೆ ಸರ್ಕಾರದ ಪೂರ್ವಾನುಮೋದನೆ ಬೇಕು. ಬದಲಾವಣೆ ಸಾರ್ವಜನಿಕ ಹಿತಕ್ಕಾಗಿ ಇರಬೇಕು, ಬೇರೆ ಕಾನೂನುಗಳಿಗೆ ವಿರುದ್ಧವಾಗಿರಬಾರದು, ಆ ಭಾಗದಲ್ಲಿ ಓದುವ ದಿನಪತ್ರಿಕೆಯಲ್ಲಿ ಪ್ರಕಟಿಸಿ ಜನರ ಆಕ್ಷೇಪಣೆ ಕೇಳಬೇಕು. "ಸಾರ್ವಜನಿಕ ಹಿತ" ಎಂಬ ಎರಡು ಪದಗಳನ್ನು ನೆನಪಿಡಿ. ಮಾಲೀಕರಿಗೆ ಲಾಭವೆಂಬುದು ಆ ಎರಡು ಪದಗಳೊಳಗೆ ಹಿಡಿಸುವುದಿಲ್ಲ. ನಿಮಗೆ ತೊಂದರೆಯೆಂಬುದೂ ತಾನಾಗಿಯೇ ಹಿಡಿಸುವುದಿಲ್ಲ. ಓಣಿಗೆ, ಊರಿಗೆ ಆಗುವ ತೊಂದರೆಯನ್ನು ನೀವು ತೋರಿಸಬೇಕು.

ಮೊದಲು ಪತ್ರಿಕೆಯ ಆ ತುಣುಕನ್ನು ದಿನಾಂಕ ಕಾಣುವಂತೆ ಕತ್ತರಿಸಿ ಇಟ್ಟುಕೊಳ್ಳಿ. ನಾಳೆಯೇ ಬೆಳಗಾವಿ ನಗರಾಭಿವೃದ್ಧಿ ಪ್ರಾಧಿಕಾರದ ಕಚೇರಿಗೆ, ಅಂದರೆ ನಾವೆಲ್ಲ ಬುಡಾ ಎನ್ನುವಲ್ಲಿಗೆ ಹೋಗಿ ಮಹಾಯೋಜನೆಯ ನಕ್ಷೆಯನ್ನು ತೋರಿಸಲು ಕೇಳಿ. ಅನುಮೋದನೆಯಾದ ನಕ್ಷೆಯನ್ನು ಸಾರ್ವಜನಿಕರು ನೋಡಲು ಇಡಬೇಕೆಂದು ಅದೇ ಕಾಯ್ದೆ ಹೇಳುತ್ತದೆ. ಯಾರ ಶಿಫಾರಸೂ ಬೇಕಿಲ್ಲ. ಆ ಜಾಗದ ಸರ್ವೆ ನಂಬರು ಪ್ರಕಟಣೆಯಲ್ಲಿರುತ್ತದೆ. ನಿಮ್ಮ ಮನೆಯ ಉತಾರವನ್ನೂ, ಅಂದರೆ ಆಸ್ತಿ ದಾಖಲೆಯ ಪ್ರತಿಯನ್ನೂ ಜೊತೆಗೆ ಒಯ್ಯಿರಿ. ನಕ್ಷೆಯಲ್ಲಿ ಹಳದಿ ಎಂದರೆ ವಸತಿ, ನೀಲಿ ವಾಣಿಜ್ಯ, ನೇರಳೆ ಕೈಗಾರಿಕೆ, ಕೆಂಪು ಸಾರ್ವಜನಿಕ ಸಂಸ್ಥೆಗಳು, ಹಸಿರು ಉದ್ಯಾನ ಮತ್ತು ಬಯಲು. ನಿಮ್ಮ ಮನೆಯ ಮೇಲೆ ಬೆರಳಿಟ್ಟು, ಅಲ್ಲಿಂದ ಆ ಖಾಲಿ ಜಾಗದವರೆಗೆ ಬೆರಳನ್ನು ಸರಿಸಿ. ಸುತ್ತಲೂ ಹಳದಿಯೇ ಇದ್ದು ನಡುವೆ ಒಂದೇ ಒಂದು ತುಂಡು ನೀಲಿಯಾಗಲಿದ್ದರೆ ಅದೇ ನಿಮ್ಮ ಆಕ್ಷೇಪಣೆಯ ಮೊದಲ ವಾಕ್ಯ.

ಅಲ್ಲಿ ಯಾರಾದರೂ "ಜಾಗ ಎನ್‌ಎ ಆಗಿದೆ, ಇನ್ನೇನು?" ಎನ್ನಬಹುದು. ನಮ್ಮ ಕಡೆ ಈ ಗೊಂದಲ ಬಹಳ. ಎನ್‌ಎ ಎಂದರೆ 1964ರ ಭೂಕಂದಾಯ ಕಾಯ್ದೆಯ ಪ್ರಕಾರ ಹೊಲವನ್ನು ಕೃಷಿಯೇತರ ಮಾಡಿದ್ದು. ಯಾವ ವಲಯದಲ್ಲಿ ಏನು ಕಟ್ಟಬಹುದು ಎಂಬುದು 1961ರ ಯೋಜನಾ ಕಾಯ್ದೆಯ ವಿಷಯ. ವಸತಿಗೆಂದು ಎನ್‌ಎ ಆದ ಜಾಗದಲ್ಲಿ ಮದುವೆ ಕಾರ್ಯಾಲಯ ಕಟ್ಟಲು ಆ ಎನ್‌ಎ ಪತ್ರವೊಂದೇ ಸಾಲದು.

ಇನ್ನು ಸಹಿಯ ಮಾತು. ನಾನು ಕೆಲಸ ಮಾಡಿದ ಒಂದು ಕಚೇರಿಗೆ ಒಂದು ಮಧ್ಯಾಹ್ನ ನಲವತ್ತು ಜನ ಒಟ್ಟಾಗಿ ಬಂದರು. ಹೆಂಗಸರು, ಮುದುಕರು, ಶಾಲೆಯ ಚೀಲ ಹೊತ್ತ ಇಬ್ಬರು ಮಕ್ಕಳು. ನಾಲ್ಕು ಹಾಳೆಗಳ ತುಂಬ ಸಹಿ ಇತ್ತು. ಮೇಲೆ ಬರೆದಿದ್ದು ಎರಡೇ ಸಾಲು: "ನಮ್ಮ ಬಡಾವಣೆಯಲ್ಲಿ ಅಂಗಡಿ ಸಂಕೀರ್ಣ ಬೇಡ. ದಯವಿಟ್ಟು ನಿಲ್ಲಿಸಿ." ಸರ್ವೆ ನಂಬರು ಇರಲಿಲ್ಲ, ಪ್ರಕಟಣೆಯ ದಿನಾಂಕ ಇರಲಿಲ್ಲ, ಬೇಡವೇಕೆಂಬ ಕಾರಣ ಇರಲಿಲ್ಲ. ಅದನ್ನು ಸಾಹೇಬರ ಮೇಜಿನ ಮೇಲಿಟ್ಟು ಎಲ್ಲರೂ ಸಮಾಧಾನದಿಂದ ಮನೆಗೆ ಹೋದರು, ಸ್ವೀಕೃತಿಯನ್ನೂ ಕೇಳಲಿಲ್ಲ. ಆ ಹಾಳೆಗಳು ಯಾವ ಕಡತಕ್ಕೆ ಸೇರಬೇಕೆಂದು ಯಾರಿಗೂ ತಿಳಿಯಲಿಲ್ಲ. ಎರಡು ತಿಂಗಳ ನಂತರ ಅದೇ ಪ್ರಸ್ತಾವದ ಟಿಪ್ಪಣಿಯಲ್ಲಿ "ಯಾವುದೇ ಆಕ್ಷೇಪಣೆ ಸ್ವೀಕೃತವಾಗಿರುವುದಿಲ್ಲ" ಎಂದು ಬರೆದದ್ದನ್ನು ನನ್ನ ಕಣ್ಣಾರೆ ನೋಡಿದೆ. ನಾನಾಗ ಕಿರಿಯಳು, ಬಾಯಿ ಬಿಡಲಿಲ್ಲ. ಆ ನಲವತ್ತು ಜನರ ಮುಖ ಇಂದಿಗೂ ನೆನಪಿದೆ. ಈ ಅಂಕಣ ಬರೆಯಲು ಒಪ್ಪಿಕೊಂಡದ್ದು ಅವರಿಗಾಗಿ.

ಆದ್ದರಿಂದ ಹೀಗೆ ಮಾಡಿ. ಒಂದೇ ಮನವಿಗೆ ನೂರು ಸಹಿ ಹಾಕಿಸುವುದರ ಬದಲು ಹತ್ತು ಮನೆಯವರು ಹತ್ತು ಬೇರೆ ಬೇರೆ ಪತ್ರ ಬರೆಯಲಿ. ಪ್ರತಿ ಪತ್ರದ ಮೇಲೆ ಪ್ರಕಟಣೆಯ ದಿನಾಂಕ, ಸರ್ವೆ ನಂಬರು, ಬರೆಯುವವರ ಮನೆ ಸಂಖ್ಯೆ ಇರಲಿ. ಒಳಗೆ ತಮ್ಮ ತಮ್ಮ ಕಣ್ಣಿಗೆ ಕಂಡದ್ದನ್ನು ಬರೆಯಲಿ. ಶಾಲೆಗೆ ನಡೆದು ಹೋಗುವ ಮಕ್ಕಳ ತಾಯಿ ರಸ್ತೆಯ ಬಗ್ಗೆ, ಕೊಳವೆ ಬಾವಿ ಇರುವವರು ನೀರಿನ ಬಗ್ಗೆ, ತಗ್ಗಿನ ಮನೆಯವರು ಗಟಾರದ ಬಗ್ಗೆ. ಎರಡು ಪ್ರತಿ ಒಯ್ದು ಒಂದನ್ನು ಟಪಾಲು ವಿಭಾಗದಲ್ಲಿ ಕೊಟ್ಟು, ಇನ್ನೊಂದರ ಮೇಲೆ ಮೊಹರು, ದಿನಾಂಕ ಮತ್ತು ಆವಕ ಸಂಖ್ಯೆ ಹಾಕಿಸಿಕೊಳ್ಳಿ. ಆವಕ ಸಂಖ್ಯೆ ಬಿದ್ದ ಪತ್ರದ ಬಗ್ಗೆ "ಸ್ವೀಕೃತವಾಗಿರುವುದಿಲ್ಲ" ಎಂದು ಬರೆಯಲು ಯಾವ ಗುಮಾಸ್ತರ ಕೈಯೂ ಏಳುವುದಿಲ್ಲ.

ರಸ್ತೆಯನ್ನು ಅಳೆಯಿರಿ. ಇದನ್ನು ಒತ್ತಿ ಹೇಳುತ್ತೇನೆ. ಬಡಾವಣೆಯ ನಕ್ಷೆಯಲ್ಲಿ ನಲವತ್ತು ಅಡಿ ಎಂದಿದ್ದ ರಸ್ತೆಯನ್ನು ನಾನೊಮ್ಮೆ ಟೇಪು ಹಿಡಿದು ಅಳೆದಾಗ ಗಟಾರದಿಂದ ಗಟಾರಕ್ಕೆ ಇಪ್ಪತ್ತಾರು ಅಡಿ ಸಿಕ್ಕಿತ್ತು. ಉಳಿದದ್ದನ್ನು ಟ್ರಾನ್ಸ್‌ಫಾರ್ಮರ್, ಮೆಟ್ಟಿಲು, ಕಾಂಪೌಂಡಿನ ಹೂಕುಂಡಗಳು ನುಂಗಿದ್ದವು. ನಿಮ್ಮ ರಸ್ತೆಯನ್ನು ಮೂರು ಕಡೆ ಅಳೆದು, ಅಳೆಯುವಾಗ ಟೇಪು ಕಾಣುವಂತೆ ಫೋಟೋ ತೆಗೆದು ಪತ್ರಕ್ಕೆ ಅಂಟಿಸಿ. ಎರಡು ಸಾವಿರ ಜನ ಊಟ ಮಾಡುವ ಕಾರ್ಯಾಲಯಕ್ಕೆ ಇಪ್ಪತ್ತಾರು ಅಡಿ ರಸ್ತೆಯಲ್ಲಿ ಅಗ್ನಿಶಾಮಕ ವಾಹನ ಹೇಗೆ ಬರುತ್ತದೆ ಎಂದು ಒಂದು ಸಾಲು ಬರೆದರೆ, ಅದಕ್ಕೆ ಉತ್ತರ ಕೊಡದೆ ಮುಂದೆ ಹೋಗುವುದು ಯಾವ ಅಧಿಕಾರಿಗೂ ಸುಲಭವಲ್ಲ.

ಶಬ್ದದ ವಿಷಯವನ್ನೂ ಸೇರಿಸಿ. 2000ನೆಯ ಇಸವಿಯ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶಕ್ಕೆ ಹಗಲಿನ ಮಿತಿ 55 ಡೆಸಿಬಲ್, ರಾತ್ರಿ 45. ವಾಣಿಜ್ಯ ಪ್ರದೇಶಕ್ಕೆ 65 ಮತ್ತು 55. ಹಳದಿ ನೀಲಿಯಾದರೆ ಕೇವಲ ಕಾಗದದ ಬಣ್ಣ ಬದಲಾಗುವುದಿಲ್ಲ, ನಿಮ್ಮ ಮಲಗುವ ಕೋಣೆಗೆ ಬರುವ ಸದ್ದಿನ ಲೆಕ್ಕವೂ ಬದಲಾಗಬಹುದು.

ನಿಮ್ಮ ಯಜಮಾನರಿಗೆ ಒಂದು ಪ್ರಕರಣ ಹೇಳಿ. ಬೆಂಗಳೂರಿನ ರಾಜಮಹಲ್ ವಿಲಾಸ್ ಬಡಾವಣೆಯಲ್ಲಿ ಉದ್ಯಾನಕ್ಕೆಂದು ಮೀಸಲಿಟ್ಟ ಜಾಗವನ್ನು ಖಾಸಗಿ ಆಸ್ಪತ್ರೆ ಕಟ್ಟಲು ಒಂದು ಟ್ರಸ್ಟಿಗೆ ಕೊಡಲಾಗಿತ್ತು. ಆದೇಶ ಬಂದದ್ದು ಸರ್ಕಾರದ ತೀರಾ ಮೇಲಿನ ಮಟ್ಟದಿಂದ. ಅಲ್ಲಿನ ನಿವಾಸಿಗಳು ನ್ಯಾಯಾಲಯಕ್ಕೆ ಹೋದರು. ಬೆಂಗಳೂರು ಮೆಡಿಕಲ್ ಟ್ರಸ್ಟ್ ಮತ್ತು ಬಿ.ಎಸ್. ಮುದ್ದಪ್ಪ ಪ್ರಕರಣವೆಂದು ಹೆಸರಾದ ಅದರಲ್ಲಿ 1991ರಲ್ಲಿ ಸುಪ್ರೀಂ ಕೋರ್ಟು ಆ ಮಂಜೂರಾತಿ ನಿಲ್ಲುವುದಿಲ್ಲ ಎಂದಿತು. ಬಡಾವಣೆಯ ನಿವಾಸಿಗಳಿಗೆ ಪ್ರಶ್ನಿಸುವ ಹಕ್ಕಿದೆ ಎಂದೂ ಹೇಳಿತು. ಅಲ್ಲಿದ್ದದ್ದು ಉದ್ಯಾನದ ಜಾಗ, ನಿಮ್ಮದು ಖಾಸಗಿ ಜಾಗ, ಎರಡೂ ಒಂದೇ ಅಲ್ಲ. ಆದರೆ "ತಡೆಯುವವರು ಯಾರು" ಎಂಬ ಪ್ರಶ್ನೆಗೆ ಅದಕ್ಕಿಂತ ನೇರ ಉತ್ತರ ನನಗೆ ಗೊತ್ತಿಲ್ಲ.

ನಿಮ್ಮ ವಾರ್ಡ್ ಸಮಿತಿಗೂ ಒಂದು ಪ್ರತಿ ಕೊಡಿ. ಸಂವಿಧಾನದ 74ನೆಯ ತಿದ್ದುಪಡಿ ಬಂದಾಗಿನಿಂದ 3 ಲಕ್ಷ ಮತ್ತು ಅದಕ್ಕಿಂತ ಹೆಚ್ಚು ಜನಸಂಖ್ಯೆಯ ನಗರಗಳಲ್ಲಿ ವಾರ್ಡ್ ಸಮಿತಿಗಳಿರಬೇಕು. ಬೆಳಗಾವಿ ಪಾಲಿಕೆಯಲ್ಲಿ 58 ವಾರ್ಡುಗಳಿವೆ. ಭೂಬಳಕೆ ಬದಲಾವಣೆಗೆ ಒಪ್ಪಿಗೆ ಕೊಡುವ ಅಥವಾ ತಡೆಯುವ ಅಧಿಕಾರ ಈ ಸಮಿತಿಗಿಲ್ಲ. ಆದರೂ ಅದರ ಸಭೆಯ ನಡಾವಳಿಯಲ್ಲಿ ನಿಮ್ಮ ಮಾತು ದಾಖಲಾದರೆ, ನಾಳೆ ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾದಾಗ ಕೈಯಲ್ಲಿ ಒಂದು ಕಾಗದ ಹೆಚ್ಚಿರುತ್ತದೆ.

ಇಷ್ಟೆಲ್ಲ ಮಾಡಿಯೂ ಕಾರ್ಯಾಲಯ ಬರಬಹುದು. ಅದಕ್ಕಾಗಿ ಪತ್ರದ ಕೊನೆಯಲ್ಲಿ ಒಂದು ಬೇಡಿಕೆ ಸೇರಿಸಿ: ಒಪ್ಪಿಗೆ ಕೊಡುವುದೇ ಆದರೆ ವಾಹನ ನಿಲುಗಡೆ ಪೂರ್ತಿ ಆವರಣದ ಒಳಗೇ ಇರಬೇಕು, ಬಾಗಿಲು ದೊಡ್ಡ ರಸ್ತೆಯ ಕಡೆಗೆ ಇರಬೇಕು, ಎಂಜಲು ನೀರು ಓಣಿಯ ಗಟಾರಕ್ಕೆ ಸೇರಬಾರದು. ಇನ್ನೊಂದು ಮಾತು, ಮಾಲೀಕರ ಜಾತಿ, ಹಣ, ಹಳೆಯ ಜಗಳ ಯಾವುದನ್ನೂ ಪತ್ರದಲ್ಲಿ ತರಬೇಡಿ. ಅಂಥ ಒಂದು ಸಾಲು ಸೇರಿದರೆ ಉಳಿದ ಒಂಬತ್ತು ಪತ್ರಗಳ ತೂಕವೂ ಇಳಿಯುತ್ತದೆ.

ಪ್ರಶ್ನೆ: ವಡಗಾವಿಯಲ್ಲಿ ನಮ್ಮದು ನೇಕಾರಿಕೆ. ತಂದೆಯ ಕಾಲದಿಂದ ಮನೆಯಲ್ಲೇ ಮಗ್ಗ, ಈಗ ನಾಲ್ಕು ವಿದ್ಯುತ್ ಮಗ್ಗಗಳಿವೆ. ಮಗ್ಗುಲಿಗೆ ಹೊಸ ಅಪಾರ್ಟ್‌ಮೆಂಟ್ ಎದ್ದಿದೆ. ಅಲ್ಲಿಗೆ ಬಂದವರು ಸದ್ದಿನ ಬಗ್ಗೆ ದೂರು ಕೊಟ್ಟಿದ್ದಾರೆ. "ಇದು ವಸತಿ ವಲಯ, ಮಗ್ಗ ತೆಗೆಯಿರಿ" ಎನ್ನುತ್ತಾರೆ. ಹೊಸ ಮಾಸ್ಟರ್ ಪ್ಲಾನ್ ಬಂದರೆ ನಮ್ಮ ಓಣಿಯನ್ನೇ ಎಬ್ಬಿಸುತ್ತಾರೆಯೇ?
ಒಬ್ಬ ನೇಕಾರರು, ವಡಗಾವಿ

ಉತ್ತರ: ಅಣ್ಣಾ, ನಿಮ್ಮ ಭಯ ನನಗೆ ಅರ್ಥವಾಗುತ್ತದೆ, ಯಾಕೆಂದರೆ ಇಂಥ ತಪ್ಪು ಹೇಗೆ ಹುಟ್ಟುತ್ತದೆ ಎಂದು ನಾನು ಹತ್ತಿರದಿಂದ ಬಲ್ಲೆ. ಮಹಾಯೋಜನೆಗೆ ಮೊದಲು ಸದ್ಯದ ಭೂಬಳಕೆಯ ಸಮೀಕ್ಷೆ ಆಗುತ್ತದೆ. ಬನಹಟ್ಟಿಯಲ್ಲಿ ನಾವು ಅಂಥ ಸಮೀಕ್ಷೆಗೆ ಓಣಿ ಓಣಿ ಸುತ್ತುತ್ತಿದ್ದೆವು. ಅಂದು ಮಧ್ಯಾಹ್ನ ಕರೆಂಟು ಇರಲಿಲ್ಲ. ಒಂದು ಇಡೀ ಓಣಿ ತಣ್ಣಗೆ ಮಲಗಿತ್ತು. ಬಾಗಿಲುಗಳು ಮುಚ್ಚಿದ್ದವು, ಕಟ್ಟೆಯ ಮೇಲೆ ಅಜ್ಜಿಯೊಬ್ಬರು ಕಂಡಿಕೆ ಸುತ್ತುತ್ತಿದ್ದರು. ನಾವು ಹಾಳೆಯ ಮೇಲೆ ಎರಡೂ ಸಾಲುಗಳಿಗೆ ಹಳದಿ ಬಣ್ಣ ಹಚ್ಚಿ ಮುಂದೆ ನಡೆದೆವು. ಮರುದಿನ ಬೆಳಿಗ್ಗೆ ಚಹಾ ಕುಡಿಯಲು ಅದೇ ದಾರಿಯಲ್ಲಿ ಹೋದಾಗ ಕಾಲ ಕೆಳಗಿನ ಕಲ್ಲುಹಾಸೇ ಅದುರುತ್ತಿತ್ತು. ಪ್ರತಿ ಮನೆಯಲ್ಲೂ ಮಗ್ಗ. ಹಾಳೆಯನ್ನು ತಿದ್ದಿದೆವು. ಚಹಾದಂಗಡಿ ಬೇರೆ ದಿಕ್ಕಿಗೆ ಇದ್ದಿದ್ದರೆ ಆ ಓಣಿ ಕಾಗದದ ಮೇಲೆ ನೇಕಾರರ ಓಣಿಯಾಗಿ ಉಳಿಯುತ್ತಿರಲಿಲ್ಲ.

ಯೋಜನಾ ಕಾಯ್ದೆಯ ಪ್ರಕಾರ ಮಹಾಯೋಜನೆಯನ್ನು ಹತ್ತು ವರ್ಷಕ್ಕೊಮ್ಮೆ ಪರಿಷ್ಕರಿಸಬೇಕು. ಮುಂದಿನ ಸಮೀಕ್ಷೆಗೆ ಕಾಯಬೇಡಿ. ವಡಗಾವಿ, ಖಾಸಬಾಗ, ಶಹಾಪುರದ ನೇಕಾರರು ಕೂಡಿ ನೀವೇ ಒಂದು ಪಟ್ಟಿ ಮಾಡಿ: ಓಣಿಯ ಹೆಸರು, ಸಿಟಿಎಸ್ (ಸಿಟಿ ಸರ್ವೆ) ನಂಬರು, ಮಗ್ಗಗಳ ಸಂಖ್ಯೆ, ಮೋಟಾರಿನ ಅಶ್ವಶಕ್ತಿ, ಎಷ್ಟು ವರ್ಷದಿಂದ. ಹಳೆಯ ವಿದ್ಯುತ್ ಬಿಲ್ಲು, ನೇಕಾರರ ಗುರುತಿನ ಚೀಟಿ, ತೆರಿಗೆ ಪಾವತಿಯ ರಸೀದಿಗಳನ್ನು ಕಡತ ಮಾಡಿ ಇಟ್ಟುಕೊಳ್ಳಿ. ಹೊಸ ಬಳಕೆಗೂ ಮೊದಲಿನಿಂದ ನಡೆದು ಬಂದ ಬಳಕೆಗೂ ವ್ಯತ್ಯಾಸವಿದೆ, ಆ ವ್ಯತ್ಯಾಸವನ್ನು ಬಾಯಿಮಾತಿನಿಂದ ಅಲ್ಲ, ಕಾಗದದಿಂದ ತೋರಿಸಬೇಕು. ವಲಯ ನಿಯಮಾವಳಿಯ ಪ್ರತಿ ಕೇಳಿ ಪಡೆಯಿರಿ. ವಸತಿ ವಲಯದೊಳಗೆ ಯಾವ ಸಣ್ಣ ಉದ್ಯೋಗಗಳಿಗೆ, ಎಷ್ಟು ಅಶ್ವಶಕ್ತಿಯವರೆಗೆ ಅವಕಾಶ ಎಂಬ ಪಟ್ಟಿ ಅದರಲ್ಲಿರುತ್ತದೆ. ಪರಿಷ್ಕರಣೆಯ ಸಮಯದಲ್ಲಿ ಆ ಪಟ್ಟಿಯಲ್ಲಿ ಮನೆಮಗ್ಗವೂ ಇರಬೇಕೆಂದು ಬರೆದು ಕೇಳುವ ಪೂರ್ಣ ಹಕ್ಕು ನಿಮಗಿದೆ.

ಅಪಾರ್ಟ್‌ಮೆಂಟಿನವರನ್ನು ಶತ್ರುಗಳೆಂದು ಎಣಿಸಬೇಡಿ. ನಿಯಮದ ಪ್ರಕಾರ ರಾತ್ರಿ ಎಂದರೆ ಹತ್ತರಿಂದ ಬೆಳಗಿನ ಆರು. ಆ ಹೊತ್ತು ಮಗ್ಗ ನಿಲ್ಲಿಸಿ. ಮಗ್ಗದ ಕಾಲುಗಳ ಕೆಳಗೆ ದಪ್ಪ ರಬ್ಬರಿನ ಪಟ್ಟಿ ಹಾಕಿಸಿದರೆ ಅದುರು ಬಹಳಷ್ಟು ತಗ್ಗುತ್ತದೆ. ಒಂದು ದಿನ ಅವರನ್ನು ಮನೆಗೆ ಕರೆದು ಸೀರೆ ಹೇಗೆ ಆಗುತ್ತದೆ ಎಂದು ತೋರಿಸಿ. ಬೆಳಗಾವಿ ಬೆಳೆದದ್ದು ಮನೆ ಮತ್ತು ದುಡಿಮೆ ಒಂದೇ ಸೂರಿನ ಕೆಳಗಿದ್ದ ಇಂಥ ಓಣಿಗಳಿಂದ. ಹಳದಿ ಬಣ್ಣ ಆಮೇಲೆ ಬಂದದ್ದು.

ಪ್ರಶ್ನೆ: ನಮ್ಮ ಮನೆ ಹಳೆಯ ಬಾಗಲಕೋಟೆಯ ಕಿಲ್ಲಾ ಭಾಗದಲ್ಲಿದೆ. ಆಲಮಟ್ಟಿ ಅಣೆಕಟ್ಟನ್ನು ಎತ್ತರಿಸಿದರೆ ನಮ್ಮದೂ ಮುಳುಗಡೆಗೆ ಬರುತ್ತದೆ ಎನ್ನುತ್ತಾರೆ. ನವನಗರದ ಹೊಸ ಭಾಗದಲ್ಲಿ ಜಾಗ ಕೊಡುತ್ತಾರಂತೆ. ಅಲ್ಲಿ ಏನೇನು ಇರಬೇಕೆಂದು ನಮ್ಮನ್ನು ಕೇಳುತ್ತಾರೆಯೇ, ಕೊಟ್ಟದ್ದನ್ನು ತೆಗೆದುಕೊಳ್ಳಬೇಕೇ?
ಒಬ್ಬ ಯುವಕ, ಬಾಗಲಕೋಟೆ

ಉತ್ತರ: ತಮ್ಮಾ, ನನ್ನ ತವರು ಹಳೆಯ ಬಾಗಲಕೋಟೆಯ ವೆಂಕಟಪೇಟೆ. ನಿನ್ನ ಪತ್ರ ಓದಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ.

ಮುಳುಗಡೆಯಾದವರಿಗಾಗಿ ಕಟ್ಟಿದ ನವನಗರದ ಯೋಜನೆ ರೂಪಿಸಿದವರು ಚಾರ್ಲ್ಸ್ ಕೊರಿಯಾ, ದೇಶದ ಅತಿ ದೊಡ್ಡ ವಾಸ್ತುಶಿಲ್ಪಿಗಳಲ್ಲಿ ಒಬ್ಬರು. ಅಗಲವಾದ ರಸ್ತೆಗಳು, ಸೆಕ್ಟರುಗಳು, ಗಿಡಗಳು, ನಮ್ಮ ಹಳೆಯ ಪೇಟೆಗಳಲ್ಲಿ ಕನಸಿನಲ್ಲೂ ಕಾಣದ ಗಾಳಿ ಬೆಳಕು. ಅದನ್ನು ನಾನು ಮೆಚ್ಚುತ್ತೇನೆ. ಆದರೆ ನಮ್ಮ ಓಣಿಯಲ್ಲಿ ಹದಿನೇಳು ಮನೆಗಳಿದ್ದವು. ಆ ಹದಿನೇಳೂ ಒಂಬತ್ತು ಸೆಕ್ಟರುಗಳಿಗೆ ಚದುರಿಹೋದವು. ಅಮ್ಮನಿಗೆ ಅರವತ್ತು ವರ್ಷ ಮಗ್ಗುಲ ಮನೆಯಲ್ಲಿದ್ದ ಗೆಳತಿಯನ್ನು ನೋಡಲು ಆಟೋ ಬೇಕಾಯಿತು. ಹೋಳಿಯ ಮೊದಲ ವರ್ಷ ಹಲಗೆ ಬಾರಿಸಲು ಹುಡುಗರು ಎಲ್ಲಿ ಸೇರಬೇಕೆಂದು ತಿಳಿಯದೆ ಒಂದು ಖಾಲಿ ಪ್ಲಾಟಿನಲ್ಲಿ ನಿಂತಿದ್ದರು. ನಮ್ಮ ಓಣಿಯನ್ನು ಒಟ್ಟಿಗೆ ಇರಿಸಿ ಎಂದು ನಾವು ಬರೆದು ಕೇಳಬಹುದಿತ್ತು. ಕೇಳಬಹುದೆಂಬುದೇ ನಮಗೆ ಹೊಳೆಯಲಿಲ್ಲ.

ನಿಮಗೆ ಹೊಳೆಯಲಿ. 2010ರ ಡಿಸೆಂಬರಿನಲ್ಲಿ ಕೃಷ್ಣಾ ಜಲವಿವಾದದ ಎರಡನೆಯ ನ್ಯಾಯಮಂಡಳಿ ಆಲಮಟ್ಟಿಯ ಮಟ್ಟವನ್ನು 519.60 ಮೀಟರಿನಿಂದ 524.256 ಮೀಟರಿಗೆ ಏರಿಸಲು ಅವಕಾಶ ಕೊಟ್ಟಿತು. ನಿಮ್ಮ ಹಿರಿಯರ ಕಾಲದಲ್ಲಿ ಇಲ್ಲದ ಒಂದು ಕಾನೂನು ಈಗ ಇದೆ: 2013ರ ಭೂಸ್ವಾಧೀನ ಮತ್ತು ಪುನರ್ವಸತಿ ಕಾಯ್ದೆ. ಅದರ ಪ್ರಕಾರ ಪುನರ್ವಸತಿ ಯೋಜನೆಯ ಕರಡನ್ನು ಊರಲ್ಲಿ ಪ್ರಚುರಪಡಿಸಿ, ಬಾಧಿತರ ಊರಲ್ಲೇ ಸಾರ್ವಜನಿಕ ವಿಚಾರಣೆ ನಡೆಸಬೇಕು. ಕಾಯ್ದೆಯ ಮೂರನೆಯ ಅನುಸೂಚಿಯಲ್ಲಿ ಹೊಸ ನೆಲೆಯಲ್ಲಿ ಏನೇನು ಇರಬೇಕೆಂಬ ಪಟ್ಟಿಯೇ ಇದೆ. ರಸ್ತೆ, ಚರಂಡಿ, ಕುಡಿಯುವ ನೀರು, ಶಾಲೆ, ಸ್ಮಶಾನ, ಆಟದ ಬಯಲು. ಐವತ್ತು ಕುಟುಂಬಗಳಿಗೊಂದರಂತೆ ಜನ ಸೇರಲು ಮರದ ಕಟ್ಟೆಯೂ ಆ ಪಟ್ಟಿಯಲ್ಲಿದೆ. ಮೊದಲ ಸಲ ಅದನ್ನು ಓದಿದಾಗ ನಮ್ಮ ಓಣಿಯ ಬೇವಿನ ಕಟ್ಟೆ ಕಣ್ಣ ಮುಂದೆ ಬಂತು.

ಈಗಲೇ ಓಣಿಯವರೆಲ್ಲ ಕುಳಿತು ನಿಮ್ಮ ಓಣಿಯ ನಕ್ಷೆ ಬರೆಯಿರಿ. ಯಾರ ಮನೆಯ ಪಕ್ಕ ಯಾರದು, ಗುಡಿ ಎಲ್ಲಿ, ಮಸೀದಿ ಎಲ್ಲಿ, ಕಾಮಣ್ಣನನ್ನು ಸುಡುವ ಜಾಗ ಯಾವುದು, ಹಿಟ್ಟಿನ ಗಿರಣಿ, ರೊಟ್ಟಿ ಮಾಡಿ ಮಾರುವವರ ಮನೆ, ದನ ಕಟ್ಟುವ ಜಾಗ. "ಈ ಕುಟುಂಬಗಳಿಗೆ ಒಂದೇ ಸಾಲಿನಲ್ಲಿ ನಿವೇಶನ ಬೇಕು" ಎಂದು ಜಂಟಿ ಅರ್ಜಿ ಬರೆದು ನಕ್ಷೆಯನ್ನು ಲಗತ್ತಿಸಿ. ವಿಚಾರಣೆಯ ದಿನ ಪರಿಹಾರದ ದರದ ಬಗ್ಗೆ ಎಲ್ಲರೂ ಮಾತನಾಡುತ್ತಾರೆ, ಅದು ಸರಿಯೇ. ನೀನು ಎದ್ದು ನಿಂತು ಕಟ್ಟೆಯ ಬಗ್ಗೆ ಮಾತನಾಡು.

ಪ್ರಶ್ನೆ: ಗೋಳಗುಮ್ಮಟದ ಹತ್ತಿರ ನಮ್ಮ ಅಜ್ಜನ ಮನೆ ಇದೆ. ಮಾಳಿಗೆ ಕುಸಿಯುತ್ತಿದೆ. ರಿಪೇರಿ ಮಾಡಿದರೂ ಕೇಸು ಹಾಕುತ್ತಾರೆ ಎಂದು ಹೆದರಿಸುತ್ತಾರೆ. ನಿಜವೇ?
ಒಬ್ಬ ಓದುಗರು, ವಿಜಯಪುರ

ಉತ್ತರ: ಅನುಮತಿ ಇಲ್ಲದೆ ಮಾಡಿದರೆ ನಿಜ. ಸಂರಕ್ಷಿತ ಸ್ಮಾರಕದ ಗಡಿಯಿಂದ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆ ಇನ್ನೂ 200 ಮೀಟರ್ ನಿಯಂತ್ರಿತ ಪ್ರದೇಶ. ನಿಷೇಧಿತ ಪ್ರದೇಶದಲ್ಲಿ ಹೊಸ ಮನೆ ಕಟ್ಟುವಂತಿಲ್ಲ. ಆದರೆ 1992ರ ಜೂನ್ 16ಕ್ಕೆ ಮೊದಲೇ ಇದ್ದ ಕಟ್ಟಡದ ದುರಸ್ತಿಗೆ ಅರ್ಜಿ ಹಾಕಬಹುದು. ಅಜ್ಜನ ಕಾಲದ ತೆರಿಗೆ ರಸೀದಿ, ಸಿಟಿ ಸರ್ವೆ ಉತಾರ, ಮಾಳಿಗೆಯ ಫೋಟೋಗಳೊಂದಿಗೆ ಸಕ್ಷಮ ಪ್ರಾಧಿಕಾರಕ್ಕೆ ಅರ್ಜಿ ಕೊಡಿ. ಅಲ್ಲಿಂದ ಅದು ರಾಷ್ಟ್ರೀಯ ಸ್ಮಾರಕಗಳ ಪ್ರಾಧಿಕಾರಕ್ಕೆ ಹೋಗುತ್ತದೆ. ಗುಮ್ಮಟದ ಸುತ್ತ ಬದುಕುವವರು ಗಮನಿಸಬೇಕಾದ್ದು ಇನ್ನೊಂದಿದೆ. ಸ್ಮಾರಕಗಳ ಕಾಯ್ದೆಗೆ 2010ರಲ್ಲಿ ಆದ ತಿದ್ದುಪಡಿಯ ನಂತರ ಸ್ಮಾರಕಗಳಿಗೆ ಪಾರಂಪರಿಕ ಉಪವಿಧಿಗಳನ್ನು ರೂಪಿಸಬೇಕಿದ್ದು, ಕರಡಿನ ಮೇಲೆ ಜನರ ಅಭಿಪ್ರಾಯ ಕೇಳಲಾಗುತ್ತದೆ. ಎತ್ತರ ಎಷ್ಟು, ಮುಂಭಾಗ ಹೇಗೆ ಎಂಬುದೆಲ್ಲ ಅಲ್ಲಿ ತೀರ್ಮಾನವಾಗುತ್ತದೆ. ಪ್ರವಾಸಿ ಸಂಸ್ಥೆಗಳು ಅಭಿಪ್ರಾಯ ಕಳುಹಿಸುತ್ತವೆ. ಆ ಮಾಳಿಗೆಯ ಕೆಳಗೆ ಮಲಗುವ ನೀವೂ ಕಳುಹಿಸಬೇಕು.

ಪ್ರಶ್ನೆ: ಬೆಳಗಾವಿ ಪಕ್ಕದ ಹಳ್ಳಿಯವರು ನಾವು. ನಗರದ ನಕ್ಷೆಯಲ್ಲಿ ನಮ್ಮ ಹೊಲದ ಮೇಲೆ ರಸ್ತೆಯ ಗೆರೆ ಎಳೆದಿದ್ದಾರಂತೆ. ನಾವು ಪಂಚಾಯಿತಿಯವರು, ನಗರದವರು ನಮ್ಮ ಮಾತು ಕೇಳುತ್ತಾರೆಯೇ?
ಒಬ್ಬ ರೈತರು, ಬೆಳಗಾವಿ ತಾಲ್ಲೂಕು

ಉತ್ತರ: ಸ್ಥಳೀಯ ಯೋಜನಾ ಪ್ರದೇಶದೊಳಗೆ ನಿಮ್ಮ ಹಳ್ಳಿ ಸೇರಿದ್ದರೆ ಪಂಚಾಯಿತಿಯ ಹೊಲವಾದರೂ ಆ ನಕ್ಷೆ ನಿಮಗೂ ಅನ್ವಯಿಸುತ್ತದೆ. ಹಾಗೆಯೇ ನಗರದವರಿಗೆ ಇರುವಷ್ಟೇ ಹಕ್ಕು ನಿಮಗೂ ಇರುತ್ತದೆ. ಮಹಾಯೋಜನೆಯ ಕರಡು ಪ್ರಕಟವಾದ ಮೇಲೆ ಅಭಿಪ್ರಾಯ ಬರೆದು ಕೊಡಲು 60 ದಿನಗಳಿರುತ್ತವೆ. ಬಂದ ಪ್ರತಿ ಅಭಿಪ್ರಾಯವನ್ನು ಪ್ರಾಧಿಕಾರ ಪರಿಶೀಲಿಸಿ, ತನ್ನ ಶಿಫಾರಸಿನೊಂದಿಗೆ ಸರ್ಕಾರಕ್ಕೆ ಕಳುಹಿಸಬೇಕು.

ಒಮ್ಮೆ ಹೀಗಾಯಿತು. ನಾನೇ ನಕ್ಷೆ ಬರೆಯುವ ರಾಟ್ರಿಂಗ್ ಪೆನ್ನಿನಿಂದ ಒಂದು ರಸ್ತೆಯ ಗೆರೆ ಎಳೆದಿದ್ದೆ. ಸ್ಕೇಲಿನಷ್ಟು ನೇರ. ಕರಡು ಪ್ರಕಟವಾದಾಗ ಧೋತರ ಉಟ್ಟ ಹಿರಿಯರೊಬ್ಬರು ಬಂದು ನಕ್ಷೆಯ ಮೇಲೆ ಬಗ್ಗಿ, ಬಹಳ ಹೊತ್ತು ನೋಡಿ, "ಇಲ್ಲಿ ನೀರು ಎಲ್ಲಿಂದ ಹೋಗಬೇಕು?" ಎಂದರು. ನಕ್ಷೆಯಲ್ಲಿ ನಾಲಾ ಇರಲಿಲ್ಲ. ಬೇಸಿಗೆಯಲ್ಲಿ ಸರ್ವೆ ಮಾಡಿದವರಿಗೆ ಅದು ಒಣಗಿದ ತಗ್ಗಿನಂತೆ ಕಂಡಿತ್ತು. ಅವರು ಹೊಲದ ಬದುಗಳ ಲೆಕ್ಕದಲ್ಲಿ, ಆಷಾಢದ ಮಳೆಗೆ ನೀರು ಯಾರ ಹೊಲದಿಂದ ಯಾರ ಹೊಲಕ್ಕೆ ಇಳಿಯುತ್ತದೆ ಎಂದು ಬೆರಳಿನಿಂದ ತೋರಿಸುತ್ತಾ ಹೋದರು. ನಾನು ಪೆನ್ಸಿಲಿನಲ್ಲಿ ಗುರುತು ಹಾಕುತ್ತಾ ಹೋದೆ. ಅವರಿಗೆ ಬರೆಯಲು ಬರುತ್ತಿರಲಿಲ್ಲ. ಜೊತೆಗೆ ಬಂದ ಮೊಮ್ಮಗಳು ಶಾಲೆಯ ನೋಟ್‌ಬುಕ್ಕಿನ ಹಾಳೆಯಲ್ಲಿ ಆರು ಸರ್ವೆ ನಂಬರುಗಳನ್ನು ಬರೆದಳು, ಅವರು ಹೆಬ್ಬೆಟ್ಟು ಒತ್ತಿದರು. ಅಂತಿಮ ನಕ್ಷೆಯಲ್ಲಿ ಆ ರಸ್ತೆ ಬಾಗಿ ಹೋಗಿದೆ, ನಾಲಾ ತನ್ನ ಜಾಗದಲ್ಲಿ ಉಳಿದಿದೆ. 2019ರ ಆಗಸ್ಟಿನಲ್ಲಿ ಬೆಳಗಾವಿಯ ತಗ್ಗು ಪ್ರದೇಶಗಳಿಗೆ ನೀರು ನುಗ್ಗಿದಾಗ ನನಗೆ ಅವರ ಬೆರಳೇ ನೆನಪಾಗುತ್ತಿತ್ತು.

ನೀವೂ ಹೊಲದ ಉತಾರ ಮತ್ತು ಗ್ರಾಮ ನಕ್ಷೆ ಹಿಡಿದು ಹೋಗಿ. ಬಾವಿ, ನಾಲಾ, ಬಂಡಿದಾರಿ, ಗುಡಿಗೆ ಹೋಗುವ ಕಾಲುದಾರಿ ಎಲ್ಲವನ್ನೂ ಗುರುತಿಸಿ ಕೊಡಿ. "ನನ್ನ ಹೊಲ ಬಿಟ್ಟು ಬೇರೆಯವರ ಹೊಲದಲ್ಲಿ ರಸ್ತೆ ಮಾಡಿ" ಎಂದು ಮಾತ್ರ ಬರೆಯಬೇಡಿ. ಅಕ್ಕಪಕ್ಕದವರೂ ಅದನ್ನೇ ಬರೆದಿರುತ್ತಾರೆ. ಕಚೇರಿಯಲ್ಲಿ ನಕ್ಷೆ ತೋರಿಸಲು ಹಿಂದೆಮುಂದೆ ನೋಡಿದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ: ಹತ್ತು ರೂಪಾಯಿ ಶುಲ್ಕ, ಒಂದೇ ವಿಷಯ, 150 ಪದಗಳ ಒಳಗೆ. 30 ದಿನಗಳಲ್ಲಿ ಉತ್ತರ ಬರಬೇಕು. 60 ದಿನಗಳ ಗಡುವಿನಲ್ಲಿ ಅರ್ಧ ಅದಕ್ಕೇ ಹೋಗುತ್ತದೆ, ಆದ್ದರಿಂದ ಮೊದಲ ವಾರವೇ ಹಾಕಿ.

ಪ್ರಶ್ನೆ: ಯೋಜನೆಯ ವರದಿ ಇಂಗ್ಲಿಷಿನಲ್ಲಿದೆ. ಆಕ್ಷೇಪಣೆಯನ್ನು ಕನ್ನಡದಲ್ಲಿ ಬರೆದರೆ ನಡೆಯುತ್ತದೆಯೇ? ನಮ್ಮ ಓಣಿಯಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಮರಾಠಿಯವರು.
ಒಬ್ಬ ಶಿಕ್ಷಕರು, ಶಹಾಪುರ, ಬೆಳಗಾವಿ

ಉತ್ತರ: ಧಾರಾಳವಾಗಿ ನಡೆಯುತ್ತದೆ ಗುರುಗಳೇ. ಕನ್ನಡ ರಾಜ್ಯದ ಆಡಳಿತ ಭಾಷೆ. ವರದಿಯ ಕನ್ನಡ ಪ್ರತಿ ಕೊಡಿ ಎಂದೂ ಅದೇ ಪತ್ರದಲ್ಲಿ ಕೇಳಿ. ನೆರೆಯವರಿಗೆ ಪತ್ರವನ್ನು ಒಮ್ಮೆ ಮರಾಠಿಯಲ್ಲಿ ಓದಿ ಹೇಳಿ, ಅರ್ಥವಾದ ಮೇಲೆಯೇ ಸಹಿ ಪಡೆಯಿರಿ. ಗಟಾರ ತುಂಬಿ ಹರಿದಾಗ ಎಲ್ಲರ ಹೊಸ್ತಿಲೂ ಒದ್ದೆಯಾಗುತ್ತದೆ. ಸಹಿ ಮರಾಠಿಯಲ್ಲಿದ್ದರೂ ಉರ್ದುವಿನಲ್ಲಿದ್ದರೂ ಸಹಿಯೇ. ಪಕ್ಕದಲ್ಲಿ ಹೆಸರು ಮತ್ತು ಮನೆ ಸಂಖ್ಯೆಯನ್ನು ಕನ್ನಡದಲ್ಲಿ ಬಿಡಿಸಿ ಬರೆಯಿರಿ, ಟಪಾಲು ವಿಭಾಗದವರಿಗೆ ದಾಖಲಿಸಲು ಅನುಕೂಲವಾಗುತ್ತದೆ.